ಶೇಡ್, ಶ್ಯಾಡೋ ಮತ್ತು ನಮ್ಮ ಒಂದೇ ನೆರಳು

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವಳು ನಾನು. ಮನೆ ಮೂಡಿಗೆರೆ ಕಡೆ, ಸಣ್ಣ ಕಾಫಿ ತೋಟ. ಈ ಎರಡು ಸಂಗತಿಯೂ ಕೆಳಗಿನ ಪ್ರಶ್ನೆಗೆ ಬೇಕಾಗುತ್ತವೆ, ಅದಕ್ಕೇ ಹೇಳಿದೆ.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬೇಲೂರು ಪ್ರವಾಸದ ಪ್ರಬಂಧದಲ್ಲಿ, ಹಲಸಿನ ಮರದ 'ಶ್ಯಾಡೋ'ದಲ್ಲಿ ಕೂತು ಬುತ್ತಿ ತಿಂದೆವು ಎಂದು ಬರೆದಿದ್ದಳು. ಕೈ ತಾನಾಗಿ ಹೋಗಿ ಅದನ್ನು ಹೊಡೆದು 'ಶೇಡ್' ಎಂದು ತಿದ್ದಿತು. ಮಾರನೇ ದಿನ ಪುಸ್ತಕ ಹಿಡಿದು ಎದುರಿಗೆ ನಿಂತಳು: "ಮಿಸ್, ಡಿಕ್ಷನರೀಲಿ ಎರಡಕ್ಕೂ ನೆರಳು ಅಂತಾನೇ ಇದೆಯಲ್ಲ?"

ಇದೆ. ಶೇಡ್ ಅಂದರೆ ಬಿಸಿಲು ತಾಗದ ಜಾಗ, ಶ್ಯಾಡೋ ಅಂದರೆ ಬೆಳಕಿಗೆ ಅಡ್ಡ ನಿಂತ ವಸ್ತುವಿನ ಕಪ್ಪು ಆಕಾರ ಎಂದೆ. ತಲೆಯಾಡಿಸಿ ಹೋದಳು. ಒಪ್ಪಿದ್ದಲ್ಲ, ಬೆಲ್ ಹೊಡೆದಿತ್ತು.

ಆಮೇಲೆ ನಾನೇ ಯೋಚಿಸಿ ಕನ್ನಡದಲ್ಲೇ ಒಂದು ಪರೀಕ್ಷೆ ಕಟ್ಟಿಕೊಂಡೆ. 'ಯಾರ ನೆರಳು?' ಎಂದು ಕೇಳಬಹುದಾದರೆ ಅದು ಶ್ಯಾಡೋ. 'ಎಷ್ಟು ನೆರಳು?' ಎಂದು ಕೇಳಬಹುದಾದರೆ ಶೇಡ್. ಮೊದಲನೆಯದಕ್ಕೆ ಒಬ್ಬ ಒಡೆಯ ಬೇಕು, ಎಣಿಸಲೂಬಹುದು: ಗೋಡೆಯ ಮೇಲೆ ಮೂರು ನೆರಳು. ಎರಡನೆಯದನ್ನು ಎಣಿಸಲಾಗದು, ಅಳೆಯಬಹುದು ಅಷ್ಟೆ. ಅದಕ್ಕೆ ಎದುರುಪದವೂ ಇದೆ, ಬಿಸಿಲು. ಶ್ಯಾಡೋಗೆ ಎದುರು ಯಾವುದು ಹೇಳಿ ನೋಡೋಣ? ಈ ಪರೀಕ್ಷೆಯ ಪ್ರಕಾರ ಹುಡುಗಿಯ ವಾಕ್ಯ ಪೂರಾ ತಪ್ಪೇನಲ್ಲ. ಮರವೇ ಒಡೆಯ ಎಂದುಕೊಂಡರೆ ನಡೆದೀತು. ಆದರೆ ಬುತ್ತಿ ಬಿಚ್ಚುವವರಿಗೆ ಬೇಕಾದದ್ದು ತಂಪು, ಮರದ ಆಕಾರವಲ್ಲ.

'ಎಷ್ಟು ನೆರಳು' ನನಗೆ ಹೊಳೆದದ್ದು ತೋಟದಿಂದ. ಅಲ್ಲಿ ವರ್ಷವೂ ಅದೇ ಚರ್ಚೆ. ಕಾಫಿಯ ಎರಡು ಜಾತಿಗಳಲ್ಲಿ ಅರೇಬಿಕಾಗೆ ನೆರಳು ಹೆಚ್ಚು ಬೇಕು, ರೊಬಸ್ಟಾಗೆ ಕಡಿಮೆ ಸಾಕು. ತೀರಾ ತೆರೆದುಬಿಟ್ಟರೆ ಅರೇಬಿಕಾಗೆ ಬಿಳಿ ಕಾಂಡಕೊರಕ ಹುಳು ಬರುತ್ತದೆ, ತೀರಾ ಮುಚ್ಚಿದರೆ ಹೂ ಕಡಿಮೆಯಾಗಿ ಮಳೆಗಾಲದಲ್ಲಿ ಕೊಳೆರೋಗ. ಅದಕ್ಕೇ ಮಳೆ ಹಿಡಿಯುವ ಮುಂಚೆ ಆಳುಗಳು ಹಾಲುವಾಣ, ಸಿಲ್ವರ್ ಓಕ್‌ನಂಥ ನೆರಳಿನ ಮರ ಹತ್ತಿ ಮರಗಸಿ ಮಾಡುವುದು, ಅಂದರೆ ಕೊಂಬೆ ಸವರುವುದು. ತೋಟದ ಕೆಲಸ ನೋಡಿಕೊಳ್ಳುವ ನಮ್ಮ ರೈಟರು "ಈ ಸಲ ಶೇಡ್ ಜಾಸ್ತಿ ಆಯ್ತು ಅಮ್ಮಾ" ಎನ್ನುತ್ತಾರೆ. ಅವರ ಬಾಯಲ್ಲಿ ಶೇಡ್ ಕನ್ನಡದ ಪದವೇ, ನರ್ಸರಿಯ ಶೇಡ್ ನೆಟ್ ಇದ್ದ ಹಾಗೆ, ಸೀರೆ ಅಂಗಡಿಯ 'ಇನ್ನೊಂದು ಶೇಡ್ ತೋರ್ಸಿ' ಇದ್ದ ಹಾಗೆ. ಶ್ಯಾಡೋ ಮಾತ್ರ ಶಾಲೆಯ ಕಾಂಪೌಂಡು ದಾಟಿ ಹೊರಗೆ ಬಂದಿಲ್ಲ.

ಇಂಗ್ಲಿಷಿನಲ್ಲೂ ಇವೆರಡು ಮೊದಲಿಗೆ ಒಂದೇ. ಹಳೆಯ ಇಂಗ್ಲಿಷಿನ ಒಂದು ನಾಮಪದದ ಮೊದಲನೇ ವಿಭಕ್ತಿಯ ರೂಪ ಶೇಡ್ ಆಯಿತು, ಉಳಿದ ವಿಭಕ್ತಿಗಳ ರೂಪ ಶ್ಯಾಡೋ ಆಯಿತು. ನಮ್ಮ 'ನೆರಳು' ಒಂದು ಪದವಾಗಿ, 'ನೆರಳಿನ' ಬೇರೊಂದು ಪದವಾಗಿ ಹರಿದುಹೋಗಿ ಎರಡಕ್ಕೂ ಬೇರೆ ಬೇರೆ ಅರ್ಥ ಅಂಟಿಕೊಂಡಿದ್ದರೆ ಹೇಗಿರುತ್ತಿತ್ತೋ ಹಾಗೆ. ನಾವು ಒಡೆಯಲಿಲ್ಲ. ಹಳಗನ್ನಡದ ನೆೞಲ್ ಈಗಿನ ನೆರಳಾದರೂ ಎರಡೂ ಕೆಲಸ ಮಾಡಿಕೊಂಡೇ ಇದೆ.

ಒಡೆಯದೇ ಇದ್ದದ್ದಕ್ಕೆ ಒಮ್ಮೆ ಚೆನ್ನಾಗಿ ನಗಬೇಕಾಯಿತು. ಏಪ್ರಿಲ್ 25ರ ಆಸುಪಾಸಿನಲ್ಲಿ ಚಿಕ್ಕಮಗಳೂರಿನ ನೆತ್ತಿಯ ಮೇಲೆ ಸೂರ್ಯ ನೇರಕ್ಕೆ ಬರುತ್ತಾನೆ. ಮಧ್ಯಾಹ್ನ 12.25ರ ಸುಮಾರಿಗೆ ನೆಟ್ಟ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. (ಆಗಸ್ಟಿನಲ್ಲೂ ಒಮ್ಮೆ ಹೀಗಾಗುತ್ತದೆ, ಆದರೆ ಆ ಮಳೆಯಲ್ಲಿ ನಮ್ಮ ಕಡೆ ಸೂರ್ಯನನ್ನು ಕಂಡವರು ಯಾರು?) ಪತ್ರಿಕೆಗಳು ಇದನ್ನು 'ಶೂನ್ಯ ನೆರಳಿನ ದಿನ' ಎನ್ನುತ್ತವೆ. ಅದನ್ನು ನಾನು ಮನೆಯಲ್ಲಿ ಓದಿ ಹೇಳುತ್ತಿದ್ದಾಗ, ತೋಟದ ಕೆಲಸಕ್ಕೆ ಬರುವ ಹಿರಿಯ ಹೆಂಗಸು ಕೇಳಿದರು: "ನೆರಳೇ ಇರಾಕಿಲ್ವಂತಾ? ಹಂಗಾರೆ ಮಧ್ಯಾಹ್ನ ಊಟಕ್ಕೆ ಎಲ್ಲಿ ಕೂರಾದು ಅಮ್ಮಾ?" ಅವತ್ತು ಅವರು ಎಂದಿನಂತೆ ಹಲಸಿನ ಮರದಡಿಯೇ ಕೂತು ಉಂಡರು. ಶ್ಯಾಡೋ ಇಲ್ಲದ ಹೊತ್ತು, ಶೇಡ್ ಮಾತ್ರ ಬುಡದ ಸುತ್ತ ದಟ್ಟವಾಗಿತ್ತು. ನನ್ನ ವಿವರಣೆಗಿಂತ ಈ ಪ್ರಸಂಗವೇ ಆ ಹುಡುಗಿಗೆ ಅರ್ಥವಾಯಿತು.

ಇನ್ನು ನಿಜವಾಗಿ ಕೇಳಬೇಕಾದ್ದು. ಎರಡು ಕಡೆ ಈ ಒಂದೇ ನೆರಳು ನನ್ನನ್ನು ಸಿಕ್ಕಿಹಾಕಿಸಿದೆ.

ಮೊದಲನೆಯದು ಭೂಗೋಳದ 'ಮಳೆ ನೆರಳಿನ ಪ್ರದೇಶ'. ಶೃಂಗೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟಿ ಸುರಿಯುವ ಮಳೆ, ಅದೇ ಜಿಲ್ಲೆಯ ಕಡೂರಿಗೆ ಬರುವ ಹೊತ್ತಿಗೆ 700ರೊಳಗೆ ಇಳಿದಿರುತ್ತದೆ. ಘಟ್ಟ ಹತ್ತುವಾಗ ಮೋಡ ತಣಿದು ಸುರಿದುಬಿಡುತ್ತದೆ, ಆಚೆ ಇಳಿಯುವಾಗ ಒಣಗಾಳಿ. ಇಂಗ್ಲಿಷಿನಲ್ಲಿ ಇಲ್ಲಿರುವುದು ಶ್ಯಾಡೋ, ಮತ್ತು ನನ್ನ ಪರೀಕ್ಷೆಯಂತೆ 'ಯಾರದು?' ಎಂದರೆ ಘಟ್ಟದ್ದು. ಕನ್ನಡದಲ್ಲಿ 'ಮಳೆ ನೆರಳು' ಎಂದ ಕೂಡಲೇ ಮಕ್ಕಳಿಗೆ ಕಾಣುವುದು ಮೋಡ ಕವಿದ ತಂಪು ಊರು. ಕಡೂರಿನವರಾದ ನಮ್ಮ ಯಜಮಾನರಿಗೆ ಇದನ್ನು ಹೇಳಿದರೆ, "ಏಪ್ರಿಲ್‌ನಲ್ಲಿ ಬಂದು ನೋಡ್ಲಿ, ನೆರಳು ತೋರಿಸ್ತೀನಿ" ಅಂದರು. 'ಮಳೆಮರೆ' ಎಂದರೆ ಹೇಗೆ? ಮರೆ ಎಂದಾಗ ಅಡ್ಡ ನಿಂತದ್ದೊಂದು ಇದೆ ಎಂದಾದರೂ ಗೊತ್ತಾಗುತ್ತದೆ. ಆದರೆ ಮಲೆನಾಡಿನಲ್ಲಿ ಮಳೆ ಬಂದಾಗ ಸೂರಿನಡಿ ಹೋಗಿ 'ಮರೆ ನಿಲ್ಲುತ್ತೇವೆ'. ಅಲ್ಲಿ ಮರೆ ಸುಖದ ಪದ. ಕಡೂರಿನ ರೈತನಿಗೆ ಅದು ಸುಖವಲ್ಲ.

ಎರಡನೆಯದು ಇನ್ನೂ ಕಷ್ಟದ್ದು. ಒಬ್ಬ ಆಟಗಾರ ಅಪ್ಪನ 'ಶ್ಯಾಡೋ'ದಲ್ಲಿ ಬೆಳೆದ ಎಂದು ಇಂಗ್ಲಿಷಿನವರು ಬರೆದರೆ, ಅಪ್ಪನ ಹೆಸರಿನ ಮುಂದೆ ಮಗ ಮಸುಕಾದ ಎಂದು ಅರ್ಥ. ಪಾಠದಲ್ಲಿ ಅಂಥ ವಾಕ್ಯ ಬಂದಾಗ ಮಕ್ಕಳು 'ಅಪ್ಪನ ನೆರಳಿನಲ್ಲಿ ಬೆಳೆದ' ಎಂದೇ ಕನ್ನಡಿಸುತ್ತಾರೆ. ನಮ್ಮಲ್ಲಿ ಅದು ಅಪ್ಪನ ಆಸರೆಯಲ್ಲಿ ಕಷ್ಟ ಕಾಣದೆ ಬೆಳೆದ ಎಂದಾಗುತ್ತದೆ. ದೂರು ಹೋಗಿ ಹೊಗಳಿಕೆಯಾಯಿತು. ಕನ್ನಡ ಇಲ್ಲಿ ಹಿರಿಯರ ನೆರಳನ್ನು ಯಾವಾಗಲೂ ಶೇಡ್ ಎಂದೇ ಎಣಿಸುತ್ತದೆ, ಶ್ಯಾಡೋ ಎಂದಲ್ಲ.

'ಎಲೆಮರೆಯ ಕಾಯಿ' ಬಳಸೋಣವೆಂದರೆ ಅದರಲ್ಲಿ ವಿನಯದ ವಾಸನೆ. ಕಾಯಿ ತಾನೇ ಮರೆಯಲ್ಲಿ ಉಳಿದದ್ದು, ಯಾರೂ ಮುಚ್ಚಿದ್ದಲ್ಲ. ತೋಟದಲ್ಲಿ ಶೇಡ್ ಹೆಚ್ಚಾದ ಕಾಫಿ ಗಿಡ ಬೆಳಕು ಹುಡುಕಿ ಉದ್ದಕ್ಕೆ ಸಣಕಲಾಗಿ ಏರುತ್ತದೆ, ಹೂ ಕಚ್ಚುವುದಿಲ್ಲ. ಅದನ್ನು ನೋಡಿ 'ಅಪ್ಪನ ನೆರಳಿಗೆ ಸೊರಗಿದ ಮಗ' ಎಂದು ಬರೆಸಿದ್ದೇನೆ. 'ನೆರಳಿನಲ್ಲಿ' ಎಂಬುದನ್ನು 'ನೆರಳಿಗೆ' ಮಾಡಿದರೆ ಅರ್ಥ ತಿರುಗುತ್ತದೆ ಎಂದು ನನ್ನ ಅನಿಸಿಕೆ, ಚಳಿಗೆ ನಡುಗಿದ, ಬಿಸಿಲಿಗೆ ಬಾಡಿದ ಎಂದ ಹಾಗೆ. ನಿಮ್ಮ ಕಿವಿಗೆ ಇದು ಕನ್ನಡವಾಗಿ ಕೇಳುತ್ತದೆಯೇ? ಸಕಲೇಶಪುರ, ಆಲೂರು ಕಡೆಯವರು ಹೀಗೆ ನೆರಳಿಗೆ ಸಿಕ್ಕಿ ಕೆಟ್ಟ ಗಿಡಕ್ಕೆ ಒಂದೇ ಮಾತಿನ ಹೆಸರು ಇಟ್ಟಿದ್ದರೆ ದಯವಿಟ್ಟು ತಿಳಿಸಿ. ಮುಂದಿನ ವಾರ ಆ ಪಾಠ ಮತ್ತೆ ಬರುತ್ತದೆ, ಆ ಹುಡುಗಿ ಮೊದಲನೇ ಬೆಂಚಿನಲ್ಲೇ ಕೂರುವವಳು.