1993ರ ಕಾಂಟೆಸಾ ಕಾರಿನ ಏಸಿ: ಹಳೆ ಗ್ಯಾಸ್ ಆರ್-12 ತೆಗೆದು ಆರ್-134ಎ ಹಾಕಲು ಏನೇನು ಬದಲಿಸಬೇಕು?

ಕೋಡಿಬಾಗ_ಕಾಂಟೆಸಾ:
ಡೀಲರ್ ಕೂರಿಸಿಕೊಟ್ಟ ಏಸಿ ಕಿಟ್. ಬಾನೆಟ್ ಒಳಗಿನ ಸ್ಟಿಕ್ಕರ್‌ನಲ್ಲಿ ಆರ್-12, 900 ಗ್ರಾಂ ಅಂತ ಇದೆ. ಗ್ಯಾಸ್ ಪೂರ್ತಿ ಖಾಲಿ. ಕ್ಲಚ್ ಹಿಡಿಯುತ್ತದೆ, ಕಂಪ್ರೆಸರ್ ಕೈಯಲ್ಲಿ ತಿರುಗಿಸಿದರೆ ನುಣ್ಣಗೆ ತಿರುಗುತ್ತದೆ. ಒಬ್ಬ ಮೆಕ್ಯಾನಿಕ್ ಗ್ಯಾಸ್ ತುಂಬುವ ಬಾಯಿಗೆ ಅಡಾಪ್ಟರ್ ಹಾಕಿ 134ಎ ತುಂಬಿದರೆ ಮುಗೀತು ಅಂತಾರೆ, ಇನ್ನೊಬ್ಬರು ಕಿಟ್ಟೇ ಬದಲಿಸಿ ಅಂತಾರೆ. ಯಾವುದು ಇಟ್ಟುಕೊಳ್ಳಬಹುದು, ಯಾವುದು ತೆಗೆಯಲೇಬೇಕು? ಗಾಡಿ ಕಾರವಾರದಲ್ಲಿ, ಸಮುದ್ರದ ಗಾಳಿಗೇ ನಿಲ್ಲುವುದು. ಮಳೆಗಾಲದ ಮುಂಚೆ ಕೆಲಸ ಆಗಬೇಕು.

ಬೈತಖೋಲ್_ಏಸಿ:
ಬರೀ ಅಡಾಪ್ಟರ್ ಹಾಕಿ ತುಂಬುವ ಮಾತು ಬಿಟ್ಟುಬಿಡಿ. ತೊಂದರೆ ಇರುವುದು ಆಯಿಲ್‌ನಲ್ಲಿ. ಆರ್-12 ಜೊತೆ ಮಿನರಲ್ ಆಯಿಲ್ ಬೆರೆತು ಸಿಸ್ಟಂ ತುಂಬ ಸುತ್ತುತ್ತಿತ್ತು. 134ಎ ಜೊತೆ ಅದು ಬೆರೆಯುವುದಿಲ್ಲ. ಕಂಪ್ರೆಸರ್‌ನಿಂದ ಹೊರಗೆ ಹೋದ ಆಯಿಲ್ ಕೂಲಿಂಗ್ ಕಾಯಿಲ್‌ನ ತಳದಲ್ಲೇ ಕೂತುಬಿಡುತ್ತದೆ, ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ.

ಕಂಪ್ರೆಸರ್ ಇಳಿಸಿ, ತಲೆಕೆಳಗು ಮಾಡಿ, ಹಬ್ ತಿರುಗಿಸುತ್ತ ಹಳೆ ಆಯಿಲ್ ಪೂರ್ತಿ ಬಸಿಯಿರಿ. ಬಿಳಿ ಬಟ್ಟೆ ಮೇಲೆ ಹನಿ ಬಿಟ್ಟು ನೋಡಿ. ತಿಳಿಯಾಗಿಯೋ ಸ್ವಲ್ಪ ಹಳದಿಯಾಗಿಯೋ ಇದ್ದರೆ ಕಂಪ್ರೆಸರ್ ಉಳಿಸಬಹುದು. ಕಪ್ಪಾಗಿ, ಬೆಳ್ಳಿ ಪುಡಿ ಮಿಂಚಿದರೆ ಒಳಗೆ ಸವೆದಿದೆ. ಆಗ ಅದರ ಮೇಲೆ ದುಡ್ಡು ಹಾಕಬೇಡಿ. ಆ ಪುಡಿ ಕಂಡೆನ್ಸರ್‌ಗೂ (ಗ್ಯಾಸಿನ ಶಾಖ ಹೊರಬಿಡುವ ಮುಂದಿನ ಜಾಲರಿ) ಹೋಗಿರುತ್ತದೆ.

ಹೊಸ ಆಯಿಲ್ ಎಸ್ಟರ್ ಹಾಕಿ. 134ಎಗೆ ಬಳಸುವ ಇನ್ನೊಂದು ಆಯಿಲ್ ಪಿಎಜಿ; ಅದಕ್ಕೆ ಆರ್-12 ಬಿಟ್ಟುಹೋದ ಕ್ಲೋರಿನ್ ಅಂಶ ಆಗಿಬರುವುದಿಲ್ಲ. ಎಸ್ಟರ್ ಒಂದಿಷ್ಟು ಹಳೆ ಆಯಿಲ್ ಉಳಿದರೂ ತಡೆದುಕೊಳ್ಳುತ್ತದೆ. ಅಳತೆ ಕಂಪ್ರೆಸರ್ ಲೇಬಲ್‌ನಲ್ಲಿದ್ದಷ್ಟು. ಎಸ್ಟರ್, ಪಿಎಜಿ ಎರಡೂ ಗಾಳಿಯ ತೇವ ಎಳೆಯುತ್ತವೆ. ಡಬ್ಬಿಯನ್ನು ಸುರಿಯುವ ಹೊತ್ತಿಗೇ ಒಡೆಯಿರಿ, ಮಿಕ್ಕಿದ್ದನ್ನು ಇನ್ನೊಂದು ಗಾಡಿಗೆ ಅಂತ ತೆಗೆದಿಡಬೇಡಿ.

ತೇವ ಹೀರುವ ಡ್ರೈಯರ್ ಬಾಟ್ಲಿ ಹೊಸದು, ಮಾತೇ ಇಲ್ಲ. ಹಳೆಯದರ ಒಳಗಿನ ಎಕ್ಸ್‌ಎಚ್-5 ಜಾತಿಯ ತೇವ ಹೀರುವ ಕಾಳು 134ಎಗೆ ಪುಡಿಯಾಗಿ, ಕೂಲಿಂಗ್ ಕಾಯಿಲ್‌ಗೆ ಗ್ಯಾಸ್ ಅಳೆದು ಬಿಡುವ ಎಕ್ಸ್‌ಪಾನ್ಶನ್ ವಾಲ್ವ್ ಕಟ್ಟಿಸುತ್ತದೆ. ಎಕ್ಸ್‌ಎಚ್-7 ಅಥವಾ ಎಕ್ಸ್‌ಎಚ್-9 ಇರುವುದೇ ಬೇಕು. ಓ-ರಿಂಗ್ ಎಲ್ಲ ಎಚ್‌ಎನ್‌ಬಿಆರ್ ರಬ್ಬರಿನದ್ದು, ಅಂಗಡಿಯಲ್ಲಿ ಹಸಿರು ಬಣ್ಣದ್ದು ಕೊಡುತ್ತಾರೆ. ಇಂಥ ಕಿಟ್‌ಗಳಲ್ಲಿ ಕೆಲವು ಫ್ಲೇರ್ ಜಾಯಿಂಟ್ (ಪೈಪಿನ ಬಾಯಿ ಅಗಲಿಸಿ ಕೂರಿಸಿದ್ದು) ಇರುತ್ತವೆ, ಅಲ್ಲಿ ರಿಂಗ್ ಇಲ್ಲ. ಪೈಪಿನ ಬಾಯಿ ಗೀರಿದೆಯೇ ಅಂತ ಬೆರಳಾಡಿಸಿ ನೋಡಿ. ಉಪ್ಪು ಹಿಡಿದ ಅಲ್ಯೂಮಿನಿಯಂ ನಟ್ ಬಿಚ್ಚುವಾಗ ಎರಡು ಪಾನಾ ಹಾಕಿ, ಒಂದೇ ಪಾನಾದಲ್ಲಿ ತಿರುಗಿಸಿದರೆ ಪೈಪೇ ತಿರುಚಿಕೊಳ್ಳುತ್ತದೆ.

ಹೋಸ್ ಬ್ಯಾರಿಯರ್ ಮಾದರಿಯದಲ್ಲದಿದ್ದರೆ, ಅಂದರೆ ಒಳಗೆ ಗ್ಯಾಸ್ ತಡೆಯುವ ಪದರ ಇಲ್ಲದಿದ್ದರೆ, 134ಎ ರಬ್ಬರ್ ಮೂಲಕವೇ ನಿಧಾನಕ್ಕೆ ಹೋಗುತ್ತದೆ. ಹಳೆ ಎಂಡ್‌ಗಳಿಗೆ ಬ್ಯಾರಿಯರ್ ಹೋಸ್ ಕ್ರಿಂಪ್ ಮಾಡಿಸಿ. ಕೂಲಿಂಗ್ ಕಾಯಿಲ್ ಮತ್ತು ಕಂಡೆನ್ಸರ್ ಫ್ಲಶ್ ಮಾಡಿ ಇಟ್ಟುಕೊಳ್ಳಬಹುದು. ಫ್ಲಶ್‌ಗೆ ಸೀಮೆಎಣ್ಣೆ, ಪೆಟ್ರೋಲ್ ಬೇಡ, ಜಿಡ್ಡು ಒಳಗೇ ಉಳಿಯುತ್ತದೆ. ಕೊನೆಗೆ ನೈಟ್ರೋಜನ್ ಊದಿ, ಬಾಯಿಗೆ ಹಿಡಿದ ಬಟ್ಟೆ ಒಣಗಿಯೇ ಇರುವ ತನಕ.

ಶಿರಸಿ_ಘಟ್ಟ:
ಮೇಲಿನವರು ಹೇಳಿದ್ದು ಸರಿ. ವ್ಯಾಕ್ಯೂಮ್ ಬಗ್ಗೆ ಸೇರಿಸುತ್ತೇನೆ, ನಮ್ಮ ಕಡೆ ಹೆಚ್ಚಿನ ಕೆಲಸ ಕೆಡುವುದು ಅಲ್ಲೇ.

ಮೊದಲು ನೈಟ್ರೋಜನ್ 10 ಬಾರ್ ತುಂಬಿ ಜಾಯಿಂಟ್‌ಗಳಿಗೆಲ್ಲ ಸೋಪಿನ ನೊರೆ ಹಚ್ಚಿ. ಟೈರ್ ಅಂಗಡಿಯ ಕಂಪ್ರೆಸರ್ ಗಾಳಿ ತುಂಬಿದರೆ ಅದರ ತೇವ ಒಳಗೆ ಹೋಗುತ್ತದೆ. ಆಕ್ಸಿಜನ್ ಸಿಲಿಂಡರ್ ಅಂತೂ ಹತ್ತಿರ ತರಬೇಡಿ, ಆಯಿಲ್ ಜೊತೆ ಸೇರಿ ಸ್ಫೋಟವಾಗುತ್ತದೆ.

ಆಮೇಲೆ ವ್ಯಾಕ್ಯೂಮ್, ಅಂದರೆ ಒಳಗಿನ ಗಾಳಿ, ತೇವ ಪಂಪ್‌ನಿಂದ ಎಳೆದು ತೆಗೆಯುವುದು. 30 ಡಿಗ್ರಿಯಲ್ಲಿ ನೀರು ಕುದಿಯಬೇಕಾದರೆ ಒಳಗಿನ ಒತ್ತಡ 32 ಮಿ.ಮೀ. ಪಾದರಸಕ್ಕಿಂತ ಕೆಳಗೆ ಬರಬೇಕು. ಗೇಜ್ ತೋರಿಸುವುದು ಹೊರಗಿನ ಒತ್ತಡಕ್ಕಿಂತ ಎಷ್ಟು ಇಂಚು ಪಾದರಸ ಕೆಳಗೆ ಅಂತ; ಕಾರವಾರದಲ್ಲಿ ಅದು ಸುಮಾರು 28.7 ಇಂಚು. ಹಳೆ ಫ್ರಿಜ್ ಕಂಪ್ರೆಸರ್ ಪಂಪ್ ಮಾಡಿಕೊಂಡಿದ್ದರೆ, ಮುಳ್ಳು 28ಕ್ಕೆ ನಿಂತರೆ ಎಷ್ಟು ಹೊತ್ತು ಓಡಿಸಿದರೂ ತೇವ ಒಳಗೇ ಇರುತ್ತದೆ. ಎಕ್ಸ್‌ಪಾನ್ಶನ್ ವಾಲ್ವ್ ಬಾಯಲ್ಲಿ ಅದು ಮಂಜುಗಟ್ಟಿ, ಹತ್ತು ನಿಮಿಷ ತಂಪು, ಆಮೇಲೆ ಬಿಸಿಗಾಳಿ. ಎರಡು ಸ್ಟೇಜಿನ ಪಂಪ್ ಹಾಕಿ, ಕರಾವಳಿಯಲ್ಲಿ ಕಡಿಮೆ ಅಂದರೂ ಒಂದು ಗಂಟೆ ಎಳೆಯಿರಿ. ಮಾಪಕ 500 ಮೈಕ್ರಾನ್‌ಗೆ (ಅರ್ಧ ಮಿ.ಮೀ. ಪಾದರಸ) ಬಂದ ಮೇಲೆ ವಾಲ್ವ್ ಮುಚ್ಚಿ ಅರ್ಧ ಗಂಟೆ ನೋಡಿ. ಸ್ವಲ್ಪ ಏರಿ ನಿಂತರೆ ತೇವ, ಏರುತ್ತಲೇ ಹೋದರೆ ಲೀಕ್.

ಶಿರಸಿಯಲ್ಲಿ ಮಾಡಿಸುವವರಿಗೊಂದು ಮಾತು. ಊರು ಸುಮಾರು 590 ಮೀಟರ್ ಎತ್ತರದಲ್ಲಿದೆ, ಹೊರಗಿನ ಗಾಳಿಯ ಒತ್ತಡವೇ ಕಡಿಮೆ. ಇಲ್ಲಿ ಪೂರ್ತಿ ವ್ಯಾಕ್ಯೂಮ್ ಆದರೂ ಗೇಜ್ 28 ಇಂಚಿನ ಹತ್ತಿರವೇ ನಿಲ್ಲುತ್ತದೆ. ಲೀಕ್ ಇದೆ ಅಂತ ಒಳ್ಳೆ ಜಾಯಿಂಟ್ ಬಿಚ್ಚಬೇಡಿ. ಮೈಕ್ರಾನ್ ಮಾಪಕ ಇದ್ದರೆ ಈ ಗೊಂದಲವೇ ಇಲ್ಲ.

ಕೋಡಿಬಾಗ_ಕಾಂಟೆಸಾ:
ಉಪಕಾರ ಆಯ್ತು. ಕಂಡೆನ್ಸರ್ ಫಿನ್ ಕೆಳಗಿನ ಅರ್ಧ ಬೆಳ್ಳಗೆ ಪುಡಿಯಾಗಿದೆ, ಉಗುರು ತಾಗಿಸಿದರೆ ಉದುರುತ್ತದೆ. ಹಾಗೇ ನಡೆಯುತ್ತದಾ? ಇನ್ನೊಂದು, ‘ಹೈಡ್ರೋಕಾರ್ಬನ್ ಗ್ಯಾಸ್ ಹಾಕಿ, ಆಯಿಲ್ ಬದಲಿಸುವುದೇ ಬೇಡ’ ಅಂತ ಹೇಳುವವರಿದ್ದಾರೆ.

ಅಂಕೋಲಾ_ಗೇಜ್:
ಹೈಡ್ರೋಕಾರ್ಬನ್ ಬೇಡವೇ ಬೇಡ. ಅದು ಪ್ರೊಪೇನ್, ಬ್ಯೂಟೇನ್ ಜಾತಿಯದ್ದು. ಕೂಲಿಂಗ್ ಕಾಯಿಲ್ ಇರುವುದು ಡ್ಯಾಶ್‌ಬೋರ್ಡ್ ಒಳಗೆ, ಅಲ್ಲಿ ಲೀಕ್ ಆದರೆ ಉರಿಯುವ ಗ್ಯಾಸ್ ಕೂತವರ ಜೊತೆಯಲ್ಲೇ. ಬ್ಲೋವರ್ ಮೋಟರಿನ ಕಿಡಿ ಸಾಕು. ‘ಒರಿಜಿನಲ್ ಆರ್-12’ ಅಂತ ಯಾರಾದರೂ ಕೊಟ್ಟರೂ ನಂಬಬೇಡಿ. ಭಾರತದಲ್ಲಿ ವಾಹನದ ಏಸಿಗೆ ಅದರ ತಯಾರಿಕೆ 2008ರಲ್ಲೇ ನಿಂತಿದೆ.

ಕಂಡೆನ್ಸರ್ ವಿಷಯದಲ್ಲಿ ಬೈತಖೋಲ್ ಅವರ ಮಾತು ನಿಮ್ಮ ಗಾಡಿಗೆ ಸಲ್ಲುವುದಿಲ್ಲ. ಫಿನ್ ಉದುರಿದ ಮೇಲೆ ಟ್ಯೂಬಿನ ಶಾಖ ಗಾಳಿಗೆ ಹೋಗುವ ದಾರಿಯೇ ಇಲ್ಲ. ಕಂಡೆನ್ಸರ್ ಒಳಗೆ 60 ಡಿಗ್ರಿ ಆದಾಗ ಆರ್-12 ಗೇಜ್‌ನಲ್ಲಿ ಸುಮಾರು 207 ಪಿಎಸ್‌ಐ, 134ಎ ಸುಮಾರು 229. ಅದೇ ಕಂಡೆನ್ಸರ್‌ಗೆ ಮೊದಲೇ ಭಾರ ಹೆಚ್ಚಾಗಿರುತ್ತದೆ. ಪ್ಯಾರಲಲ್ ಫ್ಲೋ ಕಂಡೆನ್ಸರ್ (ಗ್ಯಾಸ್ ಒಟ್ಟಿಗೇ ಹಲವು ಟ್ಯೂಬ್‌ಗಳಲ್ಲಿ ಹರಿಯುವ ಮಾದರಿ) ಹಾಕಿಸಿ, ಗ್ರಿಲ್ ಜಾಗದ ಅಳತೆಗೆ ಸಿಗುವಷ್ಟು ದೊಡ್ಡದು. ಮುಂದೆ ಎಲೆಕ್ಟ್ರಿಕ್ ಫ್ಯಾನ್ ಇರಲಿ, ಗಾಳಿ ರೇಡಿಯೇಟರ್ ಕಡೆ ತಳ್ಳುತ್ತಿದೆಯೇ ಅಂತ ಕಾಗದ ಹಿಡಿದು ನೋಡಿ. ವಯರ್ ತಿರುವುಮುರುವಾಗಿ ಉಲ್ಟಾ ತಿರುಗುವ ಫ್ಯಾನ್‌ಗಳಿವೆ. ಒತ್ತಡ ಮಿತಿಮೀರಿದರೆ ಕಂಪ್ರೆಸರ್ ನಿಲ್ಲಿಸುವ ಹೈ ಪ್ರೆಶರ್ ಕಟ್‌ಔಟ್ ಸ್ವಿಚ್ ಇಲ್ಲದಿದ್ದರೆ ಸೇರಿಸಿ.

ಗ್ಯಾಸ್ ತೂಕದ ಮೇಲೇ ತುಂಬಬೇಕು. ಸ್ಟಿಕ್ಕರ್‌ನ 900ರಲ್ಲಿ ನೂರಕ್ಕೆ 80 ಭಾಗ ಅಂದರೆ 720 ಗ್ರಾಂ. ಮೊದಲು ಎಂಜಿನ್ ಬಂದ್ ಇಟ್ಟು ಹೈ ಸೈಡ್‌ನಿಂದ (ಕಂಪ್ರೆಸರ್‌ನಿಂದ ಗ್ಯಾಸ್ ಒತ್ತಡದಲ್ಲಿ ಹೊರಡುವ ಕಡೆ; ವಾಪಸ್ ಬರುವ ಕಡೆ ಲೋ ಸೈಡ್) ಲಿಕ್ವಿಡ್ ಬಿಡಿ, ವ್ಯಾಕ್ಯೂಮೇ ಎಳೆದುಕೊಳ್ಳುತ್ತದೆ. ಹೈ ಸೈಡ್ ಮುಚ್ಚಿದ ಮೇಲಷ್ಟೇ ಎಂಜಿನ್ ಚಾಲೂ ಮಾಡಿ, ಉಳಿದದ್ದು ಲೋ ಸೈಡ್‌ನಿಂದ, ಡಬ್ಬಿ ನೆಟ್ಟಗಿಟ್ಟು. ಎಂಜಿನ್ ಓಡುವಾಗ ಹೈ ಸೈಡ್ ತೆರೆದರೆ ಒತ್ತಡ ಡಬ್ಬಿಗೆ ನುಗ್ಗಿ ಅದು ಸಿಡಿಯಬಹುದು. ಡ್ರೈಯರ್ ಮೇಲಿನ ಗಾಜಿನಲ್ಲಿ ಕಾಣುವ ಗುಳ್ಳೆ ಹೋಗುವ ತನಕ ತುಂಬುವ ಅಭ್ಯಾಸ ಆರ್-12 ಕಾಲದ್ದು. 134ಎಗೆ ಹಾಗೆ ಮಾಡಿದರೆ ಓವರ್‌ಚಾರ್ಜ್ ಆಗುತ್ತದೆ.

ಹೊರಗೆ 33 ಡಿಗ್ರಿ, ಎಂಜಿನ್ 1500 ಆರ್‌ಪಿಎಂ, ಬ್ಲೋವರ್ ಫುಲ್. ಲೋ 30-40, ಹೈ 200-230 ಪಿಎಸ್‌ಐ ಬಂದರೆ ಸಾಕು. ತಂಪು ಕಡಿಮೆ ಅನಿಸಿದರೆ 30 ಗ್ರಾಂ ಹಾಕಿ, ಐದು ನಿಮಿಷ ಬಿಟ್ಟು ನೋಡಿ. 765 ದಾಟಬೇಡಿ. ಹೈ 300ಕ್ಕೆ ಹೋದರೆ ಬಂದ್ ಮಾಡಿ, ಗ್ಯಾಸ್ ಸೇರಿಸಬೇಡಿ, ಫ್ಯಾನ್ ನೋಡಿ.

ಹಳೆ ಸ್ಟಿಕ್ಕರ್ ಮೇಲೆ ಹೊಸದು ಅಂಟಿಸಿ: 134ಎ, ತುಂಬಿದ ಗ್ರಾಂ, ಎಸ್ಟರ್ ಆಯಿಲ್, ತಾರೀಖು. ಮುಂದೆ ಯಾರೇ ಗೇಜ್ ಹಾಕಿದರೂ 900 ನೋಡಿ ತುಂಬಬಾರದು.