ಒಂದೇ ಬಟನ್‌ಗೆ ಗೇಮೂ ಟೀಮ್‌ಸ್ಪೀಕೂ ಯಾಕೆ ತೆರೆಯಲ್ಲ?

ಪ್ರಶ್ನೆ (ತೀರ್ಥಹಳ್ಳಿಯಿಂದ): ನಮಸ್ಕಾರ ಅಣ್ಣ. ನಾವು ಎಂಟು ಜನ ಶನಿವಾರ ರಾತ್ರಿ ಕೌಂಟರ್-ಸ್ಟ್ರೈಕ್ ಆಡುತ್ತೇವೆ. ನಾಲ್ವರು ಶಿವಮೊಗ್ಗದ ಹಾಸ್ಟೆಲ್‌ನಲ್ಲಿ, ಉಳಿದವರು ಊರಲ್ಲಿ. ಪ್ರತಿ ವಾರ ಸರ್ವರ್ ವಿಳಾಸ ವಾಟ್ಸಾಪ್‌ನಲ್ಲಿ ಕಳಿಸಿ ಸಾಕಾಗಿ ಒಂದು ವೆಬ್ ಪುಟ ಮಾಡಿದೆ. 'ಆಟ ಶುರು' ಅಂತ ಒಂದೇ ಬಟನ್. ಒತ್ತಿದರೆ ಗೇಮ್ ತೆರೆಯುತ್ತೆ, ಆಡುವಾಗ ಮಾತಾಡೋಕೆ ಬಳಸೋ ಟೀಮ್‌ಸ್ಪೀಕ್ ಆ್ಯಪ್ ತೆರೆಯಲ್ಲ. ಐದು ಸೆಕೆಂಡ್ ಬಿಟ್ಟು ಕರೆದರೂ ಅಷ್ಟೇ. ಕೋಡ್ ತಪ್ಪಾ?

ಉತ್ತರ (ವೆಬ್ ಡೆವಲಪರ್, ಸಾಗರ): ಕೋಡ್ ಸರಿಯಾಗೇ ಇದೆ ಮಾರಾಯ. ಬ್ರೌಸರ್ ಬೇಕಂತಲೇ ಹೀಗೆ ಮಾಡುತ್ತೆ.

ನಿಮ್ಮ ಪುಟ ಯಾವ ಪ್ರೋಗ್ರಾಮನ್ನೂ ನೇರವಾಗಿ ಓಡಿಸಲಾರದು. ನಿಮ್ಮ ಗೇಮ್ ತೆರೆಯುವ ಸ್ಟೀಮ್ ಆ್ಯಪ್ ಇನ್‌ಸ್ಟಾಲ್ ಆಗುವಾಗಲೇ 'ಸ್ಟೀಮ್ ಅಂತ ಶುರುವಾಗುವ ಲಿಂಕ್ ಬಂದರೆ ನನ್ನ ಕರೀರಿ' ಅಂತ ವಿಂಡೋಸ್ ರಿಜಿಸ್ಟ್ರಿಯಲ್ಲಿ, ಅಂದ್ರೆ ವಿಂಡೋಸ್‌ನ ಸೆಟ್ಟಿಂಗ್ ಪುಸ್ತಕದಲ್ಲಿ, ಬರೆದಿಟ್ಟಿರುತ್ತೆ. ಟೀಮ್‌ಸ್ಪೀಕ್ ಕೂಡ 'ಟಿಎಸ್3ಸರ್ವರ್' ಅನ್ನೋ ಲಿಂಕ್‌ಗೆ ಹಾಗೇ ಬರೆಸಿರುತ್ತೆ. ಬ್ರೌಸರ್ ನಿಮ್ಮನ್ನು ಒಂದು ಮಾತು ಕೇಳಿ ಲಿಂಕನ್ನು ವಿಂಡೋಸ್ ಕೈಗೆ ದಾಟಿಸುತ್ತೆ. ಕ್ರೋಮ್‌ನಲ್ಲಿ ಒಂದು ಕ್ಲಿಕ್‌ಗೆ ಒಂದೇ ಲಿಂಕ್ ದಾಟುತ್ತೆ. ನಮ್ಮ ತೋಟದ ಉಣಗೋಲು ಸರಿಸಿ ಒಂದು ದನ ಬಿಟ್ಟು ಮತ್ತೆ ಹಾಕ್ತೀವಲ್ಲ, ಹಾಗೆ. ಟೈಮರ್ ಎಷ್ಟು ಇಟ್ಟರೂ ಅದು ಕ್ಲಿಕ್ ಅಲ್ಲ. ಎಫ್12 ಒತ್ತಿ ಕನ್ಸೋಲ್ ನೋಡಿ, 'ಯೂಸರ್ ಜೆಸ್ಚರ್', ಅಂದ್ರೆ ಬಳಸುವವರದ್ದೇ ಕ್ಲಿಕ್, ಬೇಕು ಅಂತ ಒಂದು ಸಾಲು ಸಿಗಬಹುದು.

ಮೊದಲು ಇಷ್ಟು ಬಿಗಿ ಇರಲಿಲ್ಲ. 2011ರ ಬ್ಯಾಟಲ್‌ಫೀಲ್ಡ್ 3 ನೆನಪಿದೆಯಾ? ಪಿಸಿಯಲ್ಲಿ ಆಟ ಶುರುವಾಗ್ತಿದ್ದದ್ದೇ ಬ್ರೌಸರ್ ಪುಟದಿಂದ, ಪ್ಲಗಿನ್ ಅನ್ನೋ ಒಂದು ಪುಟ್ಟ ಪ್ರೋಗ್ರಾಮನ್ನು ಬ್ರೌಸರ್‌ಗೆ ಹಾಕಿಕೊಂಡು. ಅಂಥ ಪ್ಲಗಿನ್‌ಗಳನ್ನು ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಕೈಬಿಟ್ಟವು. ಆಟಗಾರರಿಗೆ ಕಿರಿಕಿರಿಯಾಯ್ತು ನಿಜ. ಆದರೆ ಸಿಕ್ಕಸಿಕ್ಕ ಸೈಟ್ ನನ್ನ ಮಷೀನಲ್ಲಿ ಇಪ್ಪತ್ತು ಪ್ರೋಗ್ರಾಮ್ ತೆರೆಯೋದು ನನಗಂತೂ ಬೇಡ.

ಸುಮ್ನೆ ಎರಡು ಬಟನ್ ಮಾಡಿ. ಟೀಮ್‌ಸ್ಪೀಕ್ ಬಟನ್ ಮೊದಲು, ಗೇಮ್ ಆಮೇಲೆ. ಗೇಮ್ ಫುಲ್‌ಸ್ಕ್ರೀನ್ ಆದ ಮೇಲೆ ಎರಡನೇ ಬಟನ್ ಯಾರಿಗೆ ಕಾಣುತ್ತೆ? ಪುಟ ಎಚ್‌ಟಿಟಿಪಿಎಸ್‌ನಲ್ಲಿರಲಿ, ಅಂದ್ರೆ ಸುರಕ್ಷಿತ ಸಂಪರ್ಕದ ವಿಳಾಸದಲ್ಲಿ. ಹಾಗಿದ್ದರೆ ಕ್ರೋಮ್ ಕೇಳುವಾಗ 'ಯಾವಾಗಲೂ ಅನುಮತಿಸು' ಅನ್ನೋ ಟಿಕ್ ಬಾಕ್ಸ್ ಬರುತ್ತೆ. 2019ರಲ್ಲಿ ಅದನ್ನು ತೆಗೆದಿದ್ದರು, ಆಮೇಲೆ ಸುರಕ್ಷಿತ ಸೈಟ್‌ಗಳಿಗೆ ಮಾತ್ರ ವಾಪಸ್ ಕೊಟ್ಟರು.

ಒಂದೇ ಕ್ಲಿಕ್ ಬೇಕೇ ಬೇಕು ಅಂದ್ರೆ ಬ್ರೌಸರ್ ಬಿಡಿ. ನೋಟ್‌ಪ್ಯಾಡ್‌ನಲ್ಲಿ ಎರಡು ಸಾಲು, ಒಂದೊಂದರಲ್ಲೂ 'ಸ್ಟಾರ್ಟ್' ಕಮಾಂಡ್, ಮುಂದೆ ಲಿಂಕ್. ಬ್ಯಾಚ್ ಫೈಲ್ (.bat) ಅಂತ ಸೇವ್ ಮಾಡಿ ಡೆಸ್ಕ್‌ಟಾಪ್‌ನಲ್ಲಿಡಿ.

ಪ್ರಶ್ನೆ (ಹೊಸನಗರದಿಂದ): ಸರ್, ಗೆಳೆಯನ ಮಷೀನಲ್ಲಿ ಟೀಮ್‌ಸ್ಪೀಕ್ ಇದೆಯೋ ಇಲ್ವೋ ಪುಟಕ್ಕೆ ಮೊದಲೇ ಗೊತ್ತಾಗುತ್ತಾ?

ಉತ್ತರ: ಇಲ್ಲ, ಗೊತ್ತಾಗಲೂ ಬಾರದು. ಯಾರ ಹತ್ತಿರ ಯಾವ್ಯಾವ ಆ್ಯಪ್ ಇದೆ ಅಂತ ಪಟ್ಟಿ ಸಿಕ್ಕರೆ ಜಾಹೀರಾತಿನವರು ಆ ಪಟ್ಟಿಯಿಂದಲೇ ಆಸಾಮಿಯನ್ನು ಗುರುತು ಹಿಡಿಯುತ್ತಾರೆ. ಬಟನ್ ಕೆಳಗೆ 'ತೆರೆಯಲಿಲ್ವಾ? ಇಲ್ಲಿ ಡೌನ್‌ಲೋಡ್ ಮಾಡಿ' ಅಂತ ಒಂದು ಸಾಲು ಹಾಕಿ, ಸಾಕು.

ಪ್ರಶ್ನೆ (ತೀರ್ಥಹಳ್ಳಿ): ಅಣ್ಣ, ಹಾಗಾದ್ರೆ ವಾಯ್ಸ್ ಚಾಟನ್ನೇ ಪುಟದೊಳಗೆ ತಂದರೆ? ಬರೆದು ನೋಡಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಮೈಕ್ ಬಂತು. ಅದೇ ಪುಟವನ್ನು ತಮ್ಮನ ಮಷೀನಲ್ಲಿ ವೈಫೈ ಮೇಲೆ ತೆರೆದರೆ ಮೈಕ್ ಕೇಳೋದೇ ಇಲ್ಲ.

ಉತ್ತರ: ನೀವು ಲೋಕಲ್‌ಹೋಸ್ಟ್‌ನಲ್ಲಿ, ಅಂದ್ರೆ ನಿಮ್ಮದೇ ಮಷೀನಿನ ವಿಳಾಸದಲ್ಲಿ, ತೆರೆದಿದ್ದೀರಿ, ತಮ್ಮ 192.168 ಅಂತ ಶುರುವಾಗುವ ವಿಳಾಸದಲ್ಲಿ. ಅಲ್ವಾ? ಲೋಕಲ್‌ಹೋಸ್ಟ್‌ಗೆ ವಿನಾಯಿತಿ ಇದೆ. ಬೇರೆ ಕಡೆ ಎಚ್‌ಟಿಟಿಪಿಎಸ್ ಇಲ್ಲದೆ ಮೈಕ್ ಸಿಗಲ್ಲ.

ಅದು ಸರಿಹೋದರೂ ಇನ್ನೊಂದು ತೊಡಕಿದೆ. ಕೀ ಒತ್ತಿ ಹಿಡಿದು ಮಾತಾಡೋ ಅಭ್ಯಾಸ ನಿಮ್ಮದಾದರೆ, ಗೇಮ್ ಮುಂದಿರುವಾಗ ಆ ಕೀ ಬ್ರೌಸರ್ ಟ್ಯಾಬ್‌ಗೆ ಮುಟ್ಟೋದೇ ಇಲ್ಲ. ಮೈಕ್ ಪೂರ್ತಿ ತೆರೆದಿಡಬೇಕಾಗುತ್ತೆ. ಈಗಿನ ಮಳೆಗೆ ಹಂಚಿನ ಮನೆಯಲ್ಲಿ ಕೂತು ಮೈಕ್ ತೆರೆದಿಟ್ಟರೆ ಉಳಿದ ಏಳು ಜನಕ್ಕೂ ನಿಮ್ಮ ಮಾಡಿನ ಸದ್ದೇ ಕೇಳೋದು. ಟೀಮ್‌ಸ್ಪೀಕನ್ನೇ ಇಟ್ಟುಕೊಳ್ಳಿ.