ಪದ ಬೇಕು: ಡೈನಾಮಿಕ್ ರೇಂಜ್ (ಬೋರ್ಡು ನಾಳೆ ಸಂಜೆ ಪ್ರಿಂಟಿಗೆ)

ಹಾಸನದಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ನಾವು ಕೆಲವರು ಸೇರಿ ಹೊಯ್ಸಳ ದೇವಸ್ಥಾನಗಳ ಫೋಟೊ ಪ್ರದರ್ಶನ ಇಟ್ಟುಕೊಂಡಿದ್ದೇವೆ. ಒಂದು ಬೋರ್ಡಿನಲ್ಲಿ ಬೇಲೂರು ದೇವಸ್ಥಾನದ ನವರಂಗದ (ಕಂಬಗಳಿರುವ ಒಳಮಂಟಪ) ಎರಡು ಫೋಟೊ ಪಕ್ಕಪಕ್ಕ ಇವೆ. ಜಾಗ ಒಂದೇ, ಹೊತ್ತು ಒಂದೇ, ಕ್ಯಾಮೆರಾ ಮಾತ್ರ ಬೇರೆ ಬೇರೆ. ಎರಡರಲ್ಲೂ ಬಾಗಿಲಾಚೆಯ ಬಿಸಿಲು ಕೆಡದ ಹಾಗೆ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಳಗಿನ ಕತ್ತಲನ್ನು ಒಂದೇ ಅಳತೆಯಲ್ಲಿ ಮೇಲೆತ್ತಿದ್ದೇವೆ. ಒಂದರಲ್ಲಿ ತಿರುಗಣೆಯಲ್ಲಿ ಕಡೆದ ಕಂಬದ ಬಳೆಗಳನ್ನು ಒಂದೊಂದಾಗಿ ಎಣಿಸಬಹುದು. ಇನ್ನೊಂದರಲ್ಲಿ ಅದೇ ಕಂಬದ ಮೇಲೆ ಕೆಂಪು, ಹಸಿರು ಚುಕ್ಕೆ, ಜೊತೆಗೆ ಅಡ್ಡಡ್ಡ ಗೆರೆ. ಕಾರಣ ಸೆನ್ಸರಿನ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್) ಡೈನಾಮಿಕ್ ರೇಂಜ್, ಅಂದರೆ ಕಡುಬಿಸಿಲು, ಕಡುಗತ್ತಲು ಎರಡನ್ನೂ ಒಟ್ಟಿಗೆ ಹಿಡಿಯುವ ತಾಕತ್ತು.

ಇದಕ್ಕೆ ಕನ್ನಡದಲ್ಲಿ ಏನು ಬರೆಯಲಿ? ಅನುವಾದದ ಯಂತ್ರ "ಕ್ರಿಯಾತ್ಮಕ ವ್ಯಾಪ್ತಿ" ಅಂತ ಕೊಟ್ಟಿತು. ನಮ್ಮಲ್ಲೊಬ್ಬರು ಅದನ್ನೇ ಹಾಕೋಣ ಅಂತಿದ್ದಾರೆ, ನನಗೆ ಯಾಕೋ ಒಪ್ಪಿಗೆಯಾಗುತ್ತಿಲ್ಲ. ನೋಡೋಕೆ ಬರುವವರಲ್ಲಿ ಶಾಲೆ ಮಕ್ಕಳೇ ಜಾಸ್ತಿ. ಬೋರ್ಡಿನಲ್ಲಿ ಜಾಗ ಕಡಿಮೆ, ಪದ ಸಣ್ಣದಿರಲಿ.

ಚಿಕ್ಕಮಗಳೂರಿನಿಂದ:

"ಕ್ರಿಯಾತ್ಮಕ ವ್ಯಾಪ್ತಿ" ಕಸ. ಅದನ್ನು ಓದಿದ ಮಗು ಇದು ಯಾವುದೋ ಸರ್ಕಾರಿ ಯೋಜನೆ ಅಂದುಕೊಳ್ಳುತ್ತದೆ.

"ಬೆಳಕಿನ ಹರವು" ಅಂತ ಹಾಕಿ. ಹಳೆಗನ್ನಡದ "ಪರಪು" ಮುಂದೆ "ಹರಹು", "ಹರವು" ಆಗಿದೆ, ಪಾಲು ಹಾಲಾದ ಹಾಗೆ. ತಮಿಳರು ಇವತ್ತಿಗೂ ವಿಸ್ತೀರ್ಣಕ್ಕೆ "ಪರಪ್ಪು" ಅನ್ನುತ್ತಾರೆ. ನಮ್ಮ ಕಡೆ ಕಾಫಿ ಕೊಯ್ದ ಮೇಲೆ ಕಣದಲ್ಲಿ ಹರವುತ್ತಾರೆ, ಎದೆಯ ಹರವು ಅನ್ನುತ್ತಾರೆ, ಕೆರೆಯ ಹರವು ಅನ್ನುತ್ತಾರೆ. ಇಷ್ಟು ಬಾಳಿದ ಪದ ಮನೆಯಲ್ಲೇ ಇರುವಾಗ ಯಂತ್ರವನ್ನು ಯಾಕೆ ಕೇಳಬೇಕು?

ಅರಸೀಕೆರೆಯಿಂದ:

ಹರವು ಸೊಗಸಾಗಿದೆ, ಆದರೆ ಸಾಲದು. ಹರವು ಅಂದರೆ ಅಗಲ. ಇಲ್ಲಿ ಹೇಳಬೇಕಾಗಿರುವುದು ಎರಡು ತುದಿಗಳ ಅನುಪಾತ. "ದೀಪ್ತಿವ್ಯಾಪ್ತಿ" ಅನ್ನಿ, ಪ್ರಾಸವೂ ಇದೆ. ಇನ್ನೊಂದು ಮಾತು, ಡೈನಾಮಿಕ್ ಅನ್ನುವುದರ ಗ್ರೀಕ್ ಮೂಲಕ್ಕೆ ಶಕ್ತಿ ಅಂತ ಅರ್ಥ, ಚಲನೆ ಅಂತಲ್ಲ. ಹಾಗಾಗಿ ಯಾರಾದರೂ "ಚಲನಶೀಲ ವ್ಯಾಪ್ತಿ" ಅಂತ ತಂದರೆ ಈಗಲೇ ಬೇಡ ಅಂದಿದ್ದೇನೆ ಅಂತ ತಿಳಿಯಿರಿ.

ಚಿಕ್ಕಮಗಳೂರಿನಿಂದ:

ದೀಪ್ತಿವ್ಯಾಪ್ತಿ! ಯಾರ ಮನೆ ಹುಡುಗಿ ಅದು?

ಹಾಸನದಿಂದ:

ದಯವಿಟ್ಟು ಜಗಳ ಬೇಡ. ನಾಳೆ ಸಂಜೆ ಅಂದೆ. ಹರವು ನನಗೆ ಹಿಡಿಸಿತು. ಆದರೆ "ಬೆಳಕಿನ ಹರವು" ಅಂದರೆ ದೀಪದ ಬೆಳಕು ಎಷ್ಟು ದೂರ ಹರಡುತ್ತದೆ ಅನ್ನುವ ಅರ್ಥವೂ ಬರುವುದಿಲ್ಲವೇ? ಕ್ಯಾಮೆರಾದವರು ಯಾರಾದರೂ ಇದ್ದರೆ ಹೇಳಿ.

ಸಕಲೇಶಪುರದಿಂದ:

ನಾನು ಕ್ಯಾಮೆರಾದವನು. ಮೊದಲು ವಸ್ತು ಏನು ಅಂತ ನೋಡಿ, ಆಮೇಲೆ ಹೆಸರಿಡಿ. ಮಗು ಹುಟ್ಟುವ ಮೊದಲೇ ಕುಲಾವಿ ಹೊಲಿಯುತ್ತಿದ್ದೀರಿ.

ಸೆನ್ಸರಿನ ಒಂದೊಂದು ಪಿಕ್ಸೆಲ್ ಬೆಳಕನ್ನು ಎಲೆಕ್ಟ್ರಾನ್ ಮಾಡಿ ತುಂಬಿಕೊಳ್ಳುತ್ತದೆ. ಅದು ಹಿಡಿಯುವುದಕ್ಕೆ ಒಂದು ಮಿತಿ ಇದೆ. ಮಿತಿ ದಾಟಿದರೆ ಅಲ್ಲಿ ಬರೀ ಬಿಳಿ, ಏನು ಮಾಡಿದರೂ ವಾಪಸ್ ಬರುವುದಿಲ್ಲ. ಇದು ಮೇಲಿನ ತುದಿ. ಕೆಳಗಿನ ತುದಿ ಬೇರೆ ತರದ್ದು. ಬೆಳಕೇ ಬೀಳದಿದ್ದರೂ ಸರ್ಕ್ಯೂಟು ಓದುವಾಗ ಒಂದಿಷ್ಟು ಗದ್ದಲ (ನಾಯ್ಸ್, ಅಂದರೆ ಬೆಳಕಿನಿಂದ ಬಾರದ ಸುಳ್ಳು ಸಂಕೇತ) ತಾನೇ ಹುಟ್ಟಿಸುತ್ತದೆ. ಬಿದ್ದ ಬೆಳಕು ಆ ಗದ್ದಲಕ್ಕಿಂತ ಕಡಿಮೆಯಾದರೆ ಅದರಲ್ಲೇ ಮುಳುಗಿ ಹೋಗುತ್ತದೆ. ಈ ಎರಡು ತುದಿಗಳ ಅನುಪಾತವೇ ಡೈನಾಮಿಕ್ ರೇಂಜ್. ಒಂದು ಪಿಕ್ಸೆಲ್ 64,000 ಎಲೆಕ್ಟ್ರಾನ್ ಹಿಡಿದು, ಗದ್ದಲ 4 ಎಲೆಕ್ಟ್ರಾನ್ ಇದ್ದರೆ 16,000ಕ್ಕೆ 1. ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು, ಹಾಗಾಗಿ ಇದು ಹತ್ತಿರ ಹತ್ತಿರ 14 ಸ್ಟಾಪ್.

ಇದಕ್ಕೆ ಬೆಲೆ ಯಾಕೆ ಅಂದರೆ ನೀವು ನಿಂತ ಜಾಗವೇ ಉತ್ತರ. ಮಧ್ಯಾಹ್ನದ ಅಂಗಳಕ್ಕೂ ನವರಂಗದ ಒಳಗಿನ ಬಳಪದ ಕಲ್ಲಿಗೂ 10 ಸ್ಟಾಪ್ ಅಂತರ ಸಾಮಾನ್ಯ. ಮೇಲಾಗಿ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಬೇಕಾದರೆ ಮೊದಲೇ ಅನುಮತಿ ತೆಗೆದುಕೊಳ್ಳಬೇಕು, ಬಿಸಿಲಿಗೊಂದು ನೆರಳಿಗೊಂದು ಅಂತ ಮೂರು ನಾಲ್ಕು ಫೋಟೊ ತೆಗೆದು ಕೂಡಿಸೋಣ ಅಂದರೆ ಕೈ ಅಲುಗುತ್ತದೆ, ನಡುವೆ ಜನ ಬರುತ್ತಾರೆ, ಅರ್ಧ ಮೈಯ ಭಕ್ತರು ಕಾಣುತ್ತಾರೆ. ಒಂದೇ ಕ್ಲಿಕ್ಕಿನಲ್ಲಿ ಎರಡೂ ಬರಬೇಕು ಅಂದರೆ ಸೆನ್ಸರಿಗೆ ಕಸುವಿರಬೇಕು.

2012ರಲ್ಲಿ ಬಂದ ನಿಕಾನ್ ಡಿ800ಕ್ಕೆ ಡಿಎಕ್ಸ್‌ಒ ಮಾರ್ಕ್ (ಸೆನ್ಸರುಗಳನ್ನು ಪರೀಕ್ಷಿಸಿ ಅಂಕ ಕೊಡುವವರು) ಅಳತೆಯಲ್ಲಿ 14.4 ಸ್ಟಾಪ್. ಅದೇ ವರ್ಷದ ಕ್ಯಾನನ್ 5ಡಿ ಮಾರ್ಕ್ 3ಕ್ಕೆ 11.7. ಕೇಳೋಕೆ ಅಂತರ ಮೂರು ಸ್ಟಾಪೂ ಇಲ್ಲ ಅನ್ನಿಸುತ್ತದೆ, ಆದರೆ ಲೆಕ್ಕ ಹಾಕಿದರೆ ಆರು ಪಟ್ಟಿಗೂ ಜಾಸ್ತಿ. ನಿಮ್ಮ ಅಡ್ಡಗೆರೆಯ ಫೋಟೊ ಯಾವ ಕಾಲದ ಕ್ಯಾಮೆರಾದ್ದು ಅಂತ ನಾನು ಕೇಳುವುದಿಲ್ಲ.

ಹೆಸರಿಗೆ ಬಂದರೆ, ಡೈನಾಮಿಕ್ ರೇಂಜ್ ಅಂತಲೇ ಕನ್ನಡ ಅಕ್ಷರದಲ್ಲಿ ಬರೆಯಿರಿ. ಫೋಟೊ ತೆಗೆಯುವವರೆಲ್ಲ ಅನ್ನುವುದು ಅದನ್ನೇ.

ಬೇಲೂರಿನಿಂದ:

ನಮ್ಮ ಕಡೆ ರೇಂಜ್ ಅಂದರೆ ಒಂದು ಅರಣ್ಯ ಇಲಾಖೆದು, ಇಲ್ಲ ಮೊಬೈಲ್ ಸಿಗ್ನಲ್ಲು. "ರೇಂಜ್ ಜಾಸ್ತಿ" ಅಂತ ಬೋರ್ಡು ಹಾಕಿದರೆ ಮಕ್ಕಳು ಫೋನ್ ತೆಗೆದು ನೋಡ್ತಾರೆ. ಅಲ್ಲಾ ಸ್ವಾಮಿ, ನನ್ನ ಮೊಬೈಲಲ್ಲೇ ಹೊರಗಿನ ಬಿಸಿಲು, ಒಳಗಿನ ಕಂಬ ಎರಡೂ ಚೆನ್ನಾಗಿ ಬರುತ್ತಲ್ಲ? ಅದರ ಸೆನ್ಸರ್ ಹುರುಳಿಕಾಳಷ್ಟಿದೆ.

ಸಕಲೇಶಪುರದಿಂದ:

ಅದು ಸೆನ್ಸರಿನ ಶಕ್ತಿ ಅಲ್ಲ. ಫೋನು ಕಣ್ಣು ಮಿಟುಕಿಸುವುದರೊಳಗೆ ಹಲವು ಫ್ರೇಮ್ ತೆಗೆದು ಒಳಗೇ ಕೂಡಿಸುತ್ತದೆ. ಪಿಕ್ಸೆಲ್ ಸಣ್ಣದು, ಅದು ಹಿಡಿಯುವ ಎಲೆಕ್ಟ್ರಾನೂ ಕಡಿಮೆ. ನಿಂತ ಕಂಬಕ್ಕೆ ಸರಿ, ಓಡುವ ಮಗುವಿಗೆ ಯಾವಾಗಲೂ ಸರಿ ಬರುವುದಿಲ್ಲ. ಹಾಗೇ ಐಎಸ್‌ಒ (ಕತ್ತಲಲ್ಲಿ ಚಿತ್ರ ಬೆಳಗಿಸಲು ಏರಿಸುವ ಸೂಕ್ಷ್ಮತೆಯ ಅಂಕಿ) ಏರಿಸಿದರೂ ರೇಂಜ್ ಇಳಿಯುತ್ತದೆ, ಐಎಸ್‌ಒ ಎರಡು ಪಟ್ಟಾದಾಗಲೆಲ್ಲ ಹೆಚ್ಚುಕಡಿಮೆ ಒಂದು ಸ್ಟಾಪ್ ಖರ್ಚು. ಕಂಪನಿಯವರು ಹೇಳುವ ಸಂಖ್ಯೆ ಕಡಿಮೆ ಐಎಸ್‌ಒದ್ದು, ಕತ್ತಲಲ್ಲಿ 6400 ಇಟ್ಟು ಆ 14 ಎಲ್ಲಿ ಅಂತ ಹುಡುಕಬೇಡಿ.

ಅರಸೀಕೆರೆಯಿಂದ:

ಒಂದು ಸಂಶಯ. ಈ ಕ್ಯಾಮೆರಾಗಳ ರಾ ಫೈಲು (ಸೆನ್ಸರ್ ಓದಿದ್ದನ್ನು ಹಾಗೇ ಇಟ್ಟ ಕಡತ) 14 ಬಿಟ್, ಅಂದರೆ ಬೆಳಕನ್ನು ಎರಡರ ಹದಿನಾಲ್ಕನೇ ಘಾತದಷ್ಟು ಹಂತಗಳಲ್ಲಿ ಬರೆಯುತ್ತದೆ. ಅದರಲ್ಲಿ 14.4 ಸ್ಟಾಪ್ ಹೇಗೆ ಕೂರುತ್ತದೆ? ಲೆಕ್ಕ ತಪ್ಪು.

ಸಕಲೇಶಪುರದಿಂದ:

ತಪ್ಪಲ್ಲ. ಡಿಎಕ್ಸ್‌ಒ ಮಾರ್ಕಿನವರು ಚಿತ್ರವನ್ನು 8 ಮೆಗಾಪಿಕ್ಸೆಲ್‌ಗೆ ಇಳಿಸಿದ ಲೆಕ್ಕದಲ್ಲಿ ಹೇಳುತ್ತಾರೆ. ಹಾಗೆ ಇಳಿಸಿದಾಗ ಅಕ್ಕಪಕ್ಕದ ಪಿಕ್ಸೆಲ್‌ಗಳು ಸೇರಿ ಗದ್ದಲ ತಗ್ಗುತ್ತದೆ. ಡಿ800ರದು 36 ಮೆಗಾಪಿಕ್ಸೆಲ್, ಅದಕ್ಕೇ ಲಾಭ ಜಾಸ್ತಿ. ಒಂದೊಂದೇ ಪಿಕ್ಸೆಲ್ ನೋಡಿದರೆ 14ರ ಒಳಗೇ ಬರುತ್ತದೆ.

ಚಿಕ್ಕಮಗಳೂರಿನಿಂದ:

ವಿಜ್ಞಾನ ಆಯಿತಲ್ಲ, ಈಗ ಭಾಷೆ. ಸ್ಟಾಪ್ ಅನ್ನುವುದನ್ನೂ ಹಾಗೇ ಬಿಟ್ಟುಬಿಡುತ್ತೀರಾ? ಸ್ಟಾಪ್ ಅಂದರೆ ಬಸ್ ಸ್ಟಾಪು. ಎರಡರಷ್ಟಾಗುವುದಕ್ಕೆ ಕನ್ನಡದಲ್ಲಿ ಇಮ್ಮಡಿ ಇದೆ, ಮೂರರಷ್ಟಕ್ಕೆ ಮುಮ್ಮಡಿ ಇದೆ. ಹಾಗಾಗಿ ಒಂದು ಸ್ಟಾಪ್ ಅಂದರೆ ಒಂದು ಮಡಿ. "ಈ ಕ್ಯಾಮೆರಾದ ಬೆಳಕಿನ ಹರವು 14 ಮಡಿ." ಎಷ್ಟು ಚೊಕ್ಕವಾಗಿದೆ ನೋಡಿ.

ಬೇಲೂರಿನಿಂದ:

ದೇವಸ್ಥಾನದ ಫೋಟೊ ಕೆಳಗೆ "14 ಮಡಿ" ಅಂತ ಬರೆದರೆ ಅರ್ಚಕರು ಖುಷಿಪಡ್ತಾರೆ. ಮೈಲಿಗೆ ಎಷ್ಟು ಅಂತಲೂ ಪಕ್ಕದಲ್ಲಿ ಹಾಕಿ.

ಅರಸೀಕೆರೆಯಿಂದ:

ನಗೆ ಬಿಡಿ, ಗಣಿತವೂ ಕೂಡುವುದಿಲ್ಲ. 14 ಮಡಿ ಅಂದರೆ ಕನ್ನಡಿಗನಿಗೆ ಹದಿನಾಲ್ಕು ಪಟ್ಟು. 14 ಸ್ಟಾಪ್ ಅಂದರೆ ಎರಡನ್ನು ಹದಿನಾಲ್ಕು ಸಲ ಗುಣಿಸಿದ್ದು, 16,384. ಸರಳಬಡ್ಡಿಗೂ ಚಕ್ರಬಡ್ಡಿಗೂ ವ್ಯತ್ಯಾಸ ಗೊತ್ತಿಲ್ಲದವರು ಪದ ಕಟ್ಟಬಾರದು.

ಚಿಕ್ಕಮಗಳೂರಿನಿಂದ:

ಸರಿ, ಮಡಿ ಬೇಡ, ಮೆಟ್ಟಿಲು ಅನ್ನಿ. ಆದರೆ ಇಂಗ್ಲಿಷ್ ಪದವನ್ನು ಹಾಗೇ ತುರುಕುವುದಕ್ಕೆ ನಾನು ಒಪ್ಪುವುದಿಲ್ಲ. ಇವತ್ತು ರೇಂಜ್, ನಾಳೆ ನಾಯ್ಸ್, ನಾಡಿದ್ದು ಕ್ರಿಯಾಪದಕ್ಕೆ "ಮಾಡು" ಅಂಟಿಸಿಕೊಂಡು ಉಳಿದದ್ದೆಲ್ಲ ಇಂಗ್ಲಿಷೇ. ಶೂಟ್ ಮಾಡು, ಎಡಿಟ್ ಮಾಡು, ಅಪ್‌ಲೋಡ್ ಮಾಡು. ಕೊನೆಗೆ ಕನ್ನಡಕ್ಕೆ ಉಳಿಯುವುದು ಮಾಡು ಒಂದೇ.

ಸಕಲೇಶಪುರದಿಂದ:

ನೀವು ಕುಡಿಯುವ ಕಾಫಿ ಎಲ್ಲಿಂದ ಬಂತು? ಗಿಡ ಅರಬರ ನಾಡಿನ ದಾರಿಯಲ್ಲಿ ಬಂದದ್ದು, ಹೆಸರೂ ಅಲ್ಲಿಂದಲೇ ಊರೂರು ತಿರುಗಿ ಬಂದದ್ದು. ಬಾಬಾಬುಡನ್‌ಗಿರಿಯ ಬುಡದಲ್ಲಿ ಕೂತು ಅದಕ್ಕೆ ಅಚ್ಚಗನ್ನಡ ಪದ ಯಾರೂ ಕೇಳಲಿಲ್ಲ. ತೋಟದಲ್ಲಿ ಲೆಕ್ಕ ಬರೆಯುವವನು ರೈಟರು. ಹೂವಿನ ಮಳೆ ಆದ ಮೇಲೆ ಬರಬೇಕಾದ ಮಳೆಗೆ ಬ್ಯಾಕಿಂಗ್ ಅನ್ನುತ್ತೇವೆ, ಓದು ಬರಹ ಬಾರದ ಆಳಿನಿಂದ ಹಿಡಿದು ಸಾಹುಕಾರರವರೆಗೆ. ಮೇಜು ಪೋರ್ಚುಗೀಸರದು ಅನ್ನುತ್ತಾರೆ. ಅರ್ಜಿ ಪಾರಸಿ ದಾರಿಯಲ್ಲಿ ಬಂತು. ಕನ್ನಡ ಸತ್ತಿತಾ?

ಚಿಕ್ಕಮಗಳೂರಿನಿಂದ:

ಅವು ಬಾಯಿಗೆ ಒಗ್ಗಿ ನಮ್ಮವಾದವು. ಮೇಜು ಅನ್ನುವಾಗ ಯಾರಿಗೂ ಪರದೇಶ ನೆನಪಾಗುವುದಿಲ್ಲ. ಡೈನಾಮಿಕ್ ರೇಂಜ್ ಎರಡು ಪದ, ಎರಡೂ ಬಾಯಿಯಲ್ಲಿ ಕಲ್ಲು.

ಅರಸೀಕೆರೆಯಿಂದ:

ಅಂದಹಾಗೆ ಯಾರೋ ನನಗೆ ಖಾಸಗಿಯಾಗಿ "ಬೆಳಕುವ್ಯಾಪ್ತಿ" ಅಂತ ಬರೆದಿದ್ದಾರೆ. ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಅಂಟಿಸಿದ ಜೋಡಿ. ಬೇಡ.

ಬೇಲೂರಿನಿಂದ:

ಅರಿಸಮಾಸ ಅಂತ ಬೈದವರೆಲ್ಲ "ಮುಂಜಾಗ್ರತೆ" ತಗೊಳ್ತಾರೆ, "ನಡುರಾತ್ರಿ" ಏಳ್ತಾರೆ. ಬಿರುದಾವಳಿಗಾದರೆ ಆಗಲಿ ಅಂತ ಹಳೆಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ಬಿಟ್ಟುಕೊಟ್ಟಿದ್ದಾನೆ. ಕ್ಯಾಮೆರಾಗೂ ಒಂದು ಬಿರುದು ಅಂದುಕೊಳ್ಳಿ.

ಹಾಸನದಿಂದ:

ನಾನು ಕೇಳಿದ್ದು ಒಂದು ಪದ. ಇಲ್ಲಿ ಪೋರ್ಚುಗೀಸರು, ಕೇಶಿರಾಜ ಎಲ್ಲ ಬಂದರು, ಪದ ಮಾತ್ರ ಬರಲಿಲ್ಲ.

ನನಗೆ ಸಕಲೇಶಪುರದವರು ಹೇಳಿದ ಎರಡು ತುದಿಯ ಮಾತು ಉಪಯೋಗಕ್ಕೆ ಬಂತು. ಬರೀ ಬೆಳಕು ಅಂದರೆ ಒಂದೇ ತುದಿ. ಬಿಸಿಲೂ ಬೇಕು, ನೆರಳೂ ಬೇಕು. ಹಾಗಾಗಿ ತಲೆಬರಹ "ನೆರಳು-ಬೆಳಕಿನ ಹರವು", ಕೆಳಗೆ ಸಣ್ಣ ಅಕ್ಷರದಲ್ಲಿ "ಡೈನಾಮಿಕ್ ರೇಂಜ್". ವಿವರಣೆ ಹೀಗಿದೆ, ತಪ್ಪಿದ್ದರೆ ಹೇಳಿ:

"ಎರಡು ಫೋಟೊದಲ್ಲೂ ಹೊರಗಿನ ಬಿಸಿಲು ಒಂದೇ ತರ ಕಾಣುತ್ತದೆ. ಕಂಬ ನೋಡಿ. ಎಡಗಡೆಯ ಕ್ಯಾಮೆರಾದ ಸೆನ್ಸರ್ ಕಡುಬಿಸಿಲಿನ ಜೊತೆಗೇ ಕತ್ತಲಲ್ಲಿದ್ದ ಕಂಬವನ್ನೂ ಹಿಡಿದಿದೆ. ಬಲಗಡೆಯದರಲ್ಲಿ ಕಂಬ ಸೆನ್ಸರಿನ ಗದ್ದಲದಲ್ಲಿ ಮುಳುಗಿದೆ. ಈ ಹರವನ್ನು ಸ್ಟಾಪ್‌ನಲ್ಲಿ ಅಳೆಯುತ್ತಾರೆ. ಒಂದು ಸ್ಟಾಪ್ ಹೆಚ್ಚಾದರೆ ಹರವು ಎರಡರಷ್ಟಾಗುತ್ತದೆ."

ಸಕಲೇಶಪುರದಿಂದ:

ಸರಿಯಾಗಿದೆ. ನನ್ನ ಪದ ಸಣ್ಣ ಅಕ್ಷರಕ್ಕೆ ಇಳಿದರೂ ಪರವಾಗಿಲ್ಲ. ಒಂದು ಎಚ್ಚರಿಕೆ ಮಾತ್ರ. ಕಾಗದಕ್ಕೆ ಸೆನ್ಸರಿನ ಅರ್ಧದಷ್ಟು ಸ್ಟಾಪೂ ಕಷ್ಟ, ಒಳ್ಳೆ ಪ್ರಿಂಟಿನಲ್ಲೇ ಆರೇಳು ಸಿಕ್ಕರೆ ಹೆಚ್ಚು. ಬೋರ್ಡಿನಲ್ಲಿ ಕಾಣುವುದು 14 ಸ್ಟಾಪ್ ಅಲ್ಲ, 14 ಸ್ಟಾಪನ್ನು ಕಾಗದಕ್ಕೆ ಹಿಡಿಸುವ ಹಾಗೆ ಒತ್ತಿದ ಚಿತ್ರ. ಪ್ರಿಂಟಿನವನು ತನ್ನ ಕಡೆಯಿಂದ ಕಾಂಟ್ರಾಸ್ಟ್ ಏರಿಸಿದರೆ ಎರಡು ಕಂಬವೂ ಕಪ್ಪಾಗಿ ನಿಮ್ಮ ಬೋರ್ಡಿಗೆ ಅರ್ಥವೇ ಇರುವುದಿಲ್ಲ. ಏನೂ ಮುಟ್ಟಬೇಡ ಅಂತ ಮೊದಲೇ ಹೇಳಿಡಿ. ಸಣ್ಣ ಸ್ಯಾಂಪಲ್ ಒಂದು ತೆಗೆಸಿ ನೋಡಿ.

ಚಿಕ್ಕಮಗಳೂರಿನಿಂದ:

ಹರವು ಉಳಿಯಿತಲ್ಲ, ಸಾಕು. ಸ್ಟಾಪ್ ಬಗ್ಗೆ ನನ್ನ ತಕರಾರು ಹಾಗೇ ಇದೆ.

ಅರಸೀಕೆರೆಯಿಂದ:

ತಕರಾರು ಪಾರಸಿ ಕಡೆಯಿಂದ ಬಂದ ಪದ. ಹಾಸನದವರಿಗೆ ಕೊನೆಯ ಮಾತು, "ಸೆನ್ಸರ್" ಬರೆಯುವಾಗ ಸ ಅಕ್ಷರಕ್ಕೆ ದೀರ್ಘ ಕೊಡಬೇಡಿ. ಸಿನಿಮಾ ಸೆನ್ಸಾರ್ ಆಗಿಬಿಡುತ್ತದೆ.

ಹಾಸನದಿಂದ:

ಅದನ್ನು ನೋಡಿಯೇ ಕಳಿಸಿದೆ. ಸ್ಯಾಂಪಲ್ ಬಂತು, ಎಡಗಡೆ ಕಂಬ ಕಾಣುತ್ತಿದೆ. ಫೈಲು ಹೋಯಿತು, ಇನ್ನು ಯಾರೂ ಹೊಸ ಪದ ಕಳಿಸಬೇಡಿ.